ಅಳತೆ ಮೂಲೆ

"ಕೈ ಎತ್ತಿ. ಇನ್ನೂ ಸ್ವಲ್ಪ. ಹಾಂ, ಉಸಿರು ಬಿಗಿ ಹಿಡೀಬೇಡಿ, ಆಮೇಲೆ ಗೌನು ಹಾಕ್ಕೊಂಡು ಊಟ ಮಾಡಕ್ಕಾಗಲ್ಲ" ಎಂದು ಸಣ್ಣಕ್ಕ ನರ್ಸಮ್ಮನ ಸೊಂಟದ ಸುತ್ತ ಟೇಪು ತಂದಳು. ಒಳಂಗಿಯಲ್ಲಿ ನಿಂತಿದ್ದ ನರ್ಸಮ್ಮ ನಕ್ಕಳು. ಟೇಪು ಅರ್ಧ ಇಂಚು ಸರಿಯಿತು. ಮೂವತ್ತನಾಲ್ಕೂವರೆ. ಅದನ್ನು ಕಂಪ್ಯೂಟರಿಗೆ ಹೊಡೆಯಲು ತಿರುಗಿದವಳಿಗೆ ಅದರ ನೆತ್ತಿಯ ಮೇಲೆ ಒಂದು ಹಸಿರು ಚುಕ್ಕೆ ಕಂಡಿತು. ಸಾಸಿವೆ ಕಾಳಿನಷ್ಟು, ಅಷ್ಟೇ.

ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಆ ಕಂಪ್ಯೂಟರಿನಲ್ಲಿ ಕ್ಯಾಮರಾ ಇದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ದೀಪ ಹತ್ತಿದ್ದನ್ನು ಅವಳು ಕಂಡಿರಲಿಲ್ಲ. ಕ್ಯಾಮರಾ ನೋಡುತ್ತಿದ್ದದ್ದು ನೇರ ನರ್ಸಮ್ಮನನ್ನು. ನೋಡದೆ ಇನ್ನೇನು ಮಾಡೀತು, ಪರದೆ ಎಳೆದ ಆ ಮೂಲೆಯಲ್ಲಿ ನೋಡಲು ಬೇರೆ ಏನೂ ಇರಲಿಲ್ಲ.

ಮೇಜಿನ ಮೇಲಿದ್ದ ಅಸ್ತರಿನ ತುಂಡನ್ನು ಎತ್ತಿ ಸಣ್ಣಕ್ಕ ಕಂಪ್ಯೂಟರಿನ ಮುಖಕ್ಕೆ ಹಾಕಿದಳು.

"ಯಾಕೆ ಸಣ್ಣಕ್ಕ?"

"ಏನಿಲ್ಲ. ಬೆಳಕು ಕಣ್ಣಿಗೆ ಹೊಡೀತಿತ್ತು. ನೀವು ಬಟ್ಟೆ ಹಾಕ್ಕೊಳ್ಳಿ, ಆಯ್ತು."

"ತೋಳಿಂದು ತಗೊಳ್ಳೇ ಇಲ್ಲ ನೀವು."

ತೋಳಿನ ಅಳತೆ ತೆಗೆಯುವಾಗ ಅವಳು ಟೇಪನ್ನು ಎರಡು ಸಲ ಕೆಳಗೆ ಬೀಳಿಸಿದ್ದು ಕಂಡು, "ಬಿಪಿ ನೋಡಿಸ್ಕೊಳ್ಳಿ, ನಾಳೆ ಆಸ್ಪತ್ರೆ ಕಡೆ ಬನ್ನಿ" ಎಂದು ನರ್ಸಮ್ಮ ಬುದ್ಧಿ ಹೇಳಿ ಹೋದಳು. ಅವಳು ಮೆಟ್ಟಿಲಿಳಿದದ್ದೇ ತಡ, ಸಣ್ಣಕ್ಕ ಗೋಡೆಯಿಂದ ವೈರನ್ನೇ ಕಿತ್ತಳು.

ಅವಳಿಗೆ ಗೊತ್ತಿತ್ತು. ಯಾರೂ ಹೇಳುವ ಮೊದಲೇ ಗೊತ್ತಿತ್ತು. ಇದು ಶುಕ್ರವಾರದ ಗುಲಾಬಿ.

ಆ ಹೊಲಿಗೆ ಅಂಗಡಿ ಸಣ್ಣಕ್ಕನ ಅತ್ತಿಗೆಯದು. ಬಂದವರಿಗೆಲ್ಲ ಅತ್ತಿಗೆ ದೊಡ್ಡಕ್ಕ, ನಾದಿನಿ ಸಣ್ಣಕ್ಕ. ಕತ್ತರಿ ದೊಡ್ಡಕ್ಕನ ಕೈಯಲ್ಲಿ. ಅಳತೆ, ಕಂಪ್ಯೂಟರು, ಕಸೂತಿ ಮಷೀನು ಸಣ್ಣಕ್ಕನ ಪಾಲು. ಅಳತೆಯನ್ನು ಚೀಟಿಯಲ್ಲಿ ಬರೆದರೆ ಕಳೆದುಹೋಗುತ್ತದೆಂದು ಕಂಪ್ಯೂಟರನ್ನೇ ಅಳತೆ ಮೂಲೆಗೆ ತಂದಿಟ್ಟು, ತೆಗೆದ ಅಳತೆ ತೆಗೆದಂತೆ ಹೊಡೆದುಬಿಡುವ ಪದ್ಧತಿ ಮಾಡಿದ್ದೂ ಸಣ್ಣಕ್ಕನೇ. ಏನು ಜಾಣತನ ಅಂತ ಆಗ ಎಲ್ಲರೂ ಹೊಗಳಿದ್ದರು.

ಕಸೂತಿಯವರಿಗೆ ಹೊಸ ಡಿಸೈನಿನ ಹಸಿವು ಹೇಳತೀರದು. ಶುಕ್ರವಾರ ಮಧ್ಯಾಹ್ನ ಫೋಟೋಗಳನ್ನು ನೋಡುತ್ತಾ ಕೂತಿದ್ದಾಗ ಒಂದು ವಿಡಿಯೋ ಎದುರಾಯಿತು. ಕಪ್ಪು ಬಟ್ಟೆಯ ಮೇಲೆ ಸೂಜಿ ಓಡುತ್ತಾ ಗುಲಾಬಿ ಬಳ್ಳಿ ತಾನಾಗಿ ಬೆಳೆಯುತ್ತಿತ್ತು. ಮುಳ್ಳು ಸಹ ಎಣಿಸಬಹುದು. ಕೆಳಗೆ, ಹತ್ತು ಸಾವಿರ ಡಿಸೈನ್, ಪೂರ್ತಿ ಉಚಿತ, ಇವತ್ತು ಮಾತ್ರ. ಪುಕ್ಕಟೆ ಎಂದರೆ ಯಾರಿಗೆ ಬೇಡ! ಒತ್ತಿದಳು. ತೆರೆಯಲು ಒಂದು ಸಣ್ಣ ಪ್ರೋಗ್ರಾಂ ಬೇಕು ಅಂದಿತು. ಹಾಕಿದಳು. ಅದಕ್ಕೆ ಮೊದಲು ವೈರಸ್ ತಡೆಯುವುದನ್ನು ಆಫ್ ಮಾಡಿ ಅಂದಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲುತ್ತಿದ್ದರೋ ಏನೋ. ಆದರೆ ಈ ಕಸುಬಿನಲ್ಲಿ ಅದು ದಿನದ ಮಾತು. ಕಸೂತಿಯ ಅಸಲಿ ಸಾಫ್ಟ್‌ವೇರು ಕೊಳ್ಳುವ ತಾಕತ್ತು ಯಾರಿಗಿದೆ? ಎಲ್ಲರೂ ಹಾಕಿಕೊಳ್ಳುವುದು ನಕಲಿಯನ್ನೇ, ಅದು ಕಂಪ್ಯೂಟರಿನಲ್ಲಿ ಕೂರಬೇಕೆಂದರೆ ವೈರಸ್ಸಿನ ಕಾವಲನ್ನು ಆಫ್ ಮಾಡಲೇಬೇಕು. ಕಂಪ್ಯೂಟರು ನೋಡಿಕೊಳ್ಳುವ ರಿಪೇರಿಯಣ್ಣನೇ ಅವಳಿಗೆ ಹಾಗೆ ಮಾಡುವುದನ್ನು ಕಲಿಸಿದ್ದ. ಅವಳು ಕಣ್ಣು ಮುಚ್ಚಿಕೊಂಡು ಆಫ್ ಮಾಡಿದಳು. ಮತ್ತೆ ಆನ್ ಮಾಡುವುದನ್ನು ಮರೆತಳು.

ಹತ್ತು ಸಾವಿರವೇನೂ ಬರಲಿಲ್ಲ, ನಲವತ್ತು ಬಂದವು. ಜೊತೆಗೆ ಅರ್ಧ ಗಂಟೆಗೊಮ್ಮೆ ತೂಕ ಇಳಿಸುವ ಮಾತ್ರೆ, ಜೂಜು, ನೋಡಬಾರದ ಚಿತ್ರಗಳು. ನೊಣ ಓಡಿಸಿದಂತೆ ಅವನ್ನೆಲ್ಲ ಮುಚ್ಚುತ್ತಾ ಕೂತಳು. ಆದರೆ ಗುಲಾಬಿ ಮಾತ್ರ ಬಟ್ಟೆಯ ಮೇಲೆ ಎಷ್ಟು ಚೆನ್ನಾಗಿ ಅರಳಿತೆಂದರೆ, ಯಾರನ್ನೂ ಸುಲಭಕ್ಕೆ ಹೊಗಳದ ಅತ್ತಿಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸಣ್ಣೀ, ಎಲ್ಲಿಂದ ತಂದೆ ಇದನ್ನ?" ಎಂದಳು.

"ನಾನೇ ಬರೆದೆ ಅತ್ತಿಗೆ."

ಬಾಯಿಂದ ಜಾರಿ ಬಿತ್ತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅತ್ತಿಗೆ ಅದನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿದಳು, "ನಮ್ಮ ಸಣ್ಣಿ ಬರೆದಿದ್ದು" ಅಂತ.

ಈಗ ಅತ್ತಿಗೆ ದಾರ ತರಲು ಹೋಗಿದ್ದಳು. ಸಣ್ಣಕ್ಕ ಕರೆದೊಡನೆ ರಿಪೇರಿಯಣ್ಣ ಬಂದು ಮೊದಲು ಇಂಟರ್‌ನೆಟ್ಟಿನ ವೈರು ತೆಗೆದ, ಆಮೇಲೆ ಕಂಪ್ಯೂಟರು ಹಚ್ಚಿದ. ಬಂದಾಗ ತಮಾಷೆ ಮಾಡುತ್ತಿದ್ದವನು ಐದು ನಿಮಿಷಕ್ಕೆ ಸ್ಕ್ರೀನಿಗೆ ಮುಖ ಹತ್ತಿರ ತಂದ.

"ಹದಿನಾಲ್ಕು ಸಲ ಕ್ಯಾಮರಾ ಆನ್ ಆಗಿದೆ ಅಕ್ಕ, ಶುಕ್ರವಾರದಿಂದ. ಒಂದೊಂದು ಸಲ ಎರಡು, ಮೂರು ನಿಮಿಷ."

"ಆ ವಿಡಿಯೋ ಎಲ್ಲಿಗಾದ್ರೂ ಹೋಗಿದ್ಯಾ?"

"ಇಲ್ಲಿಂದ ಏನೋ ಹೊರಗೆ ಹೋಗಿದೆ. ತುಂಬಾ ಹೋಗಿದೆ. ಅದು ನಿಮ್ಮ ಫೈಲುಗಳೋ, ವಿಡಿಯೋನೋ, ನಾನು ಹೇಳಕ್ಕಾಗಲ್ಲ."

"ವಾಪಸ್ ತರೋಕೆ..."

ಅವನು ತಲೆಯಾಡಿಸಿ, ಕ್ಯಾಮರಾ ಹತ್ತಿದ ಹೊತ್ತುಗಳ ಪಟ್ಟಿಯನ್ನು ಅವಳಿಗೆ ತೆರೆದು ತೋರಿಸಿದ. ಅವಳು ಅದರ ಮೇಲೆ ಬೆರಳಾಡಿಸಿದಳು. ಶನಿವಾರ ಸಂಜೆ ಐದು ಹತ್ತು, ಅಂದರೆ ಬ್ಯಾಂಕಿನ ಹುಡುಗಿ. ಸೋಮವಾರ ಹನ್ನೊಂದೂವರೆ, ಟೀಚರಮ್ಮ, ಆಮೇಲೆ ಅವರ ಸೊಸೆ. ಶನಿವಾರ, ಸೋಮವಾರ, ಇವತ್ತು, ಮೂರು ದಿನವೂ ಬೆಳಿಗ್ಗೆ ಒಂಬತ್ತು ಐದಕ್ಕೆ ಒಂದೊಂದು ಸಲ. ಒಂಬತ್ತಕ್ಕೆ ಯಾವ ಗಿರಾಕಿಯೂ ಬರುವುದಿಲ್ಲ. ಒಂಬತ್ತಕ್ಕೆ ಬಾಗಿಲು ತೆಗೆದು, ಕಂಪ್ಯೂಟರು ಹಚ್ಚಿ, ಆ ಮೂಲೆಯಲ್ಲಿ ಪರದೆ ಎಳೆದುಕೊಂಡು ಮನೆಯ ಬಟ್ಟೆ ಬಿಚ್ಚಿ ಕೆಲಸದ ಬಟ್ಟೆ ಹಾಕಿಕೊಳ್ಳುವವಳು ಒಬ್ಬಳೇ. ಅತ್ತಿಗೆ.

ಅಯ್ಯೋ ದೇವರೇ. ಸಣ್ಣಕ್ಕ ಸ್ಟೂಲಿನ ಮೇಲೆ ಕುಸಿದಳು. ಅಪ್ಪ ಅಮ್ಮ ಹೋದ ಮೇಲೆ ಅಣ್ಣನ ಮನೆಗೆ ಬಂದವಳನ್ನು ಮಗಳ ಹಾಗೆ ಸಾಕಿದ ಹೆಂಗಸು. ಡಾಕ್ಟರ ಮುಂದೆ ತೋಳು ತೋರಿಸಬೇಕಾದರೂ ನಾಚಿಕೊಳ್ಳುವ ಹೆಂಗಸು. ಅವಳನ್ನು ಈಗ ಎಲ್ಲೋ, ಯಾವನೋ, ಚಾ ಕುಡಿಯುತ್ತಾ ನೋಡುತ್ತಿರಬಹುದು. ಅಥವಾ ನೋಡದೆಯೂ ಇರಬಹುದು. ಯಾವುದೆಂದು ಎಂದೆಂದಿಗೂ ತಿಳಿಯುವುದಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಕೈತುಂಬ ದಾರದ ಉಂಡೆಗಳೊಂದಿಗೆ ಅತ್ತಿಗೆ ಒಳಗೆ ಬಂದಳು. "ಏನಪ್ಪಾ ನೀನಿಲ್ಲಿ? ಮತ್ತೆ ಕೆಟ್ಟು ಕೂತಿತಾ ಇದು?"

ರಿಪೇರಿಯಣ್ಣ ಸಣ್ಣಕ್ಕನ ಕಡೆ ಒಂದು ಸಲ ನೋಡಿದ. "ಫ್ಯಾನಲ್ಲಿ ಧೂಳು ಕೂತಿತ್ತು ದೊಡ್ಡಕ್ಕ" ಎಂದ.

ಪಾಪ, ಒಳ್ಳೆಯವನು. ಬಾಗಿಲು ತೆರೆದುಕೊಟ್ಟಿದ್ದ, ಸಣ್ಣಕ್ಕ ತಲೆ ಬಗ್ಗಿಸಿ ಅದರಲ್ಲಿ ನುಸುಳಿಬಿಟ್ಟಿದ್ದರೆ ಸಾಕಿತ್ತು. ಕಂಪ್ಯೂಟರು ತೊಳೆದು ಒರೆಸಿ ಹೊಸದಾಗುತ್ತಿತ್ತು. ಗುಲಾಬಿ ಅವಳದೇ ಆಗಿ ಉಳಿಯುತ್ತಿತ್ತು. ಅತ್ತಿಗೆ ನಾಳೆ ಒಂಬತ್ತಕ್ಕೆ ಎಂದಿನಂತೆ ಪರದೆ ಎಳೆದುಕೊಳ್ಳುತ್ತಿದ್ದಳು.

"ಧೂಳಲ್ಲ ಅತ್ತಿಗೆ." ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಆ ಗುಲಾಬಿ ನಾನು ಬರೆದಿದ್ದಲ್ಲ."

ಹೇಳಿದಳು. ಒಂದನ್ನೂ ಬಿಡದೆ, ಬಿಕ್ಕುತ್ತಾ, ಒಂಬತ್ತು ಐದರವರೆಗೂ ಹೇಳಿದಳು. ಅತ್ತಿಗೆಯ ಕೈಯಿಂದ ಒಂದು ಕೆಂಪು ಉಂಡೆ ಬಿದ್ದು ಮೇಜಿನಡಿಗೆ ಉರುಳಿತು, ಯಾರೂ ಎತ್ತಲಿಲ್ಲ. ಅತ್ತಿಗೆಯ ಕೈ ತಾನಾಗಿ ಕುತ್ತಿಗೆಗೆ ಹೋಗಿ ಕುಪ್ಪಸದ ಮೇಲಿನ ಗುಂಡಿಯನ್ನು ಹಿಡಿದುಕೊಂಡಿತು. ಹಾಕಿಯೇ ಇದ್ದ ಗುಂಡಿ ಅದು.

ಬೈಯಲಿ, ಎರಡು ಏಟು ಹಾಕಲಿ ಎಂದು ಸಣ್ಣಕ್ಕ ಕಾದಳು. ಅತ್ತಿಗೆ ಉಳಿದ ಉಂಡೆಗಳನ್ನು ಕತ್ತರಿ ಮೇಜಿನ ಮೂಲೆಗೆ ಇಟ್ಟಳು.

"ಎಷ್ಟು ಜನ?"

"ನಿಮ್ಮನ್ನ ಬಿಟ್ಟು ಹನ್ನೊಂದು."

ಅತ್ತಿಗೆ ಕಪಾಟಿನಿಂದ ಅವರೆಲ್ಲರ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಇಳಿಸಿ ಕತ್ತರಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಪ್ರತಿ ಗಂಟಿಗೂ ಪಿನ್ನು ಚುಚ್ಚಿದ ಚೀಟಿ, ಚೀಟಿಯಲ್ಲಿ ಫೋನ್ ನಂಬರು.

"ಪೊಲೀಸರ ಹತ್ರ ಸಂಜೆ ಹೋಗೋಣ. ಮೊದ್ಲು ಇವರಿಗೆ ಹೇಳು. ಬೇರೆ ಯಾರ ಬಾಯಿಂದಾನೋ ಕೇಳೋದು ಬೇಡ."

"ನಾನಾ? ಅಂಗಡಿ ಮುಚ್ಚಿಹೋಗತ್ತೆ ಅತ್ತಿಗೆ. ಯಾರೂ ಬರಲ್ಲ ಆಮೇಲೆ."

"ಬರದಿದ್ರೆ ಬೇಡ. ನಿನ್ನ ಕೈಗೆ ಮೈ ಕೊಟ್ಟು ನಿಂತಿದ್ರಲ್ಲೇ ಅವರು." ಅತ್ತಿಗೆ ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು. ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ರಿಪೇರಿಯಣ್ಣ ಚೀಲ ತೆಗೆದುಕೊಂಡು ಸದ್ದಿಲ್ಲದೆ ಆಚೆ ಹೋಗಿ ನಿಂತ.

ಮೊದಲ ಚೀಟಿ ಬ್ಯಾಂಕಿನ ಹುಡುಗಿಯದು. ಮುಂದಿನ ತಿಂಗಳು ಮದುವೆ. ಎರಡು ಸಲ ತಪ್ಪು ನಂಬರು ಒತ್ತಿ ಮೂರನೇ ಸಲಕ್ಕೆ ಸರಿಯಾಯಿತು.

"ಹಲೋ ಸಣ್ಣಕ್ಕಾ! ಆಗ್ಲೇ ರೆಡಿ ಆಗ್ಬಿಡ್ತಾ?" ಹಿಂದೆ ಬಸ್ಸಿನ ಸದ್ದು, ಯಾರೋ ಟಿಕೆಟ್ ಕೇಳುತ್ತಿದ್ದರು. "ಒಂದ್ನಿಮಿಷ ಇರಿ, ಇಲ್ಲೇ ಇದಾಳೆ ನನ್ನ ತಂಗಿ, ಅವಳಿಗೂ ನಿಮ್ಮ ಹತ್ರಾನೇ ಹೊಲಿಸ್ಬೇಕಂತೆ. ನಾಳೆ ಅಳತೆಗೆ ಕಳಿಸ್ಲಾ?"

ಸಣ್ಣಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀವು ಕೂತಿದೀರಾ?" ಎಂದು ಕೇಳಿದಳು.

"ಇಲ್ಲ, ಸೀಟೇ ಸಿಕ್ಕಿಲ್ಲ, ನಿಂತಿದೀವಿ. ಹೇಳಿ ಪರವಾಗಿಲ್ಲ, ಕೇಳಿಸ್ತಿದೆ."