ಏಣಿಯ ತುದಿಯ ಮೆಟ್ಟಿಲು

ಏಳು ಸಮುದ್ರದಾಚೆಯ ಗಿಳಿಯಲ್ಲಿ ರಕ್ಕಸನ ಜೀವವಿದ್ದಂತೆ, ಉಮಿಯೊ ಊರಿನ ಹೆಡ್ವಿಗ್‌ಳ ಜೀವ ಈಗ ಲ್ಯಾಪ್‌ಟಾಪಿನೊಳಗಿತ್ತು. ತೊಳೆದದ್ದನ್ನೇ ತೊಳೆಯುವ ಅವಳ ಗೀಳಿಗೆ ಚಿಕಿತ್ಸೆ ಅಲ್ಲೇ. ಚಿಕಿತ್ಸಕಿ ಮಾರಿತ್‌ಳ ಮುಖ ಕಂಡವಳಲ್ಲ. ವಾರಕ್ಕೆರಡು ಓಲೆ ಬರುತ್ತಿದ್ದವು, ಅಷ್ಟೇ. "ನಿಮ್ಮ ಏಣಿ ಬರೆಯಿರಿ. ಯಾವುದನ್ನು ಮುಟ್ಟಲು ಎಷ್ಟು ಭಯವೋ, ನೂರಕ್ಕೆ ಅಷ್ಟು ಅಂಕ. ಕೆಳಗಿನಿಂದ ಹತ್ತಿ. ಮುಟ್ಟಿದ ಮೇಲೆ ಕೈ ತೊಳೆಯಬೇಡಿ."

ಹೆಡ್ವಿಗ್ ಹತ್ತಿದಳು. ಲಿಫ್ಟಿನ ಗುಂಡಿ, ಮೂವತ್ತು. ಕಟ್ಟಡದವರೆಲ್ಲ ಸರದಿಯಲ್ಲಿ ಬಟ್ಟೆ ಒಗೆಯುವ ನೆಲಮಾಳಿಗೆ, ಐವತ್ತೈದು. ಕಸದ ತೊಟ್ಟಿ, ಅರವತ್ತು. ಬಿರಿದ ಕೈಗಳನ್ನು ತೊಡೆಯಡಿ ಒತ್ತಿಕೊಂಡು, ನಲ್ಲಿಯತ್ತ ನೋಡದೆ ಗಂಟೆಗಟ್ಟಲೆ ಕೂತಳು. ಆಸೆ ಒಂದೇ: ಮಗಳು ತೂವಾ ಮನೆಗೆ ಬರಬೇಕು. ಗಂಡ ಯೋಆರ್ ಬೇರೆಯಾದ ಮೇಲೆ ಮಗು ಒಂದು ವಾರ ಅಪ್ಪನಲ್ಲಿ, ಒಂದು ವಾರ ಅಮ್ಮನಲ್ಲಿ ಎಂದಾಗಿತ್ತು. ಏಳು ತಿಂಗಳಿಂದ ಅಮ್ಮನ ವಾರ ಬಂದೇ ಇರಲಿಲ್ಲ.

ಹತ್ತನೆಯ ವಾರದ ಶನಿವಾರ ಯೋಆರ್ ಮಗಳನ್ನು ಕರೆತಂದ. "ಅವಳೇ ಇರ್ತೀನಿ ಅಂದ್ರೆ ವಾರ ಪೂರ್ತಿ ಇರ್ಲಿ. ಬಲವಂತ ಬೇಡ, ಹೆಡ್ವಿಗ್," ಎಂದು ಬಿಟ್ಟುಹೋದ.

ಏಳು ವರ್ಷದ ತೂವಾಳ ಕೈಯಲ್ಲಿ ವಾರಕ್ಕೊಮ್ಮೆ ಮಾತ್ರ ಸಿಗುವ ಶನಿವಾರದ ಮಿಠಾಯಿ, ಬೆರಳೆಲ್ಲ ಅಂಟು. ಹೆಡ್ವಿಗ್ ಬಾಚಿ ತಬ್ಬಿದಳು. ಅಂಟು ಬೆರಳು ಕತ್ತಿಗೆ ತಾಗಿದರೂ ಬಿಡಲಿಲ್ಲ. ಕೂದಲಿಗೆ ಮೂಗು ಒತ್ತಿದಳು. ಆಮೇಲೆ, ಭಯ ಆರುವ ಮೊದಲೇ ಅದರ ಅಂಕ ಬರೆದಿಡಬೇಕೆಂಬ ಚಿಕಿತ್ಸಕಿಯ ನಿಯಮ ನೆನಪಾಗಿ ಲ್ಯಾಪ್‌ಟಾಪ್ ತೆರೆದಳು. ಹೊಸದಾಗಿ ಓದು ಕಲಿತಿದ್ದ ಮಗು ಭುಜದ ಮೇಲಿಂದ ಇಣುಕಿತು.

"ಅಮ್ಮಾ, ನನ್ ಹೆಸ್ರು! ತೂವಾ, ತೊಂಬತ್ತೈದು! ಎಲ್ಲಕ್ಕಿಂತ ಮೇಲೆ ನಾನೇ!" ಕುಣಿದಾಡಿತು. "ಕಸದ ತೊಟ್ಟಿಗೆ ಬರೀ ಅರವತ್ತು, ಪಾಪ. ಇದ್ಯಾವ ಮಾರ್ಕ್ಸು?"

ಪ್ರೀತಿಯದು ಎಂದುಬಿಟ್ಟರೆ ಮುಗಿಯುತ್ತಿತ್ತು. ಹೆಡ್ವಿಗ್ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಮಗು ಮೇಲಿನ ದಪ್ಪಕ್ಷರವನ್ನು ಕೂಡಿಸಿಕೊಂಡು ಓದುತ್ತಿತ್ತು: "ನ-ನ-ಗೆ... ಯಾ-ವು-ದ-ರ... ಭ-ಯ."

ಕುಣಿತ ನಿಂತಿತು.

"ನಾನು ಗಲೀಜಾ?"

"ಇಲ್ಲ ಚಿನ್ನಾ, ಅದು ಅಮ್ಮನ ಕಾಯಿಲೆ. ಈಗ ತಬ್ಕೊಂಡ್ನಲ್ಲ?"

"ಅದು ನಿನ್ ಹೋಮ್‌ವರ್ಕಾ?"

ಹೆಡ್ವಿಗ್ ಲ್ಯಾಪ್‌ಟಾಪ್ ಮುಚ್ಚಿದಳು.

"ಅಪ್ಪಂಗೆ ಫೋನ್ ಮಾಡು," ಎಂದಳು ತೂವಾ, ಅಳದೆ.

ಯೋಆರ್ ಕೆಳಗೆ ಹಾರ್ನ್ ಮಾಡಿದಾಗ ಬಾಗಿಲು ತೆಗೆಯಲು ಹೆಡ್ವಿಗ್ ಎದ್ದಳು. ಮಗು ತಡೆಯಿತು. ಅಂಗಿಯ ತೋಳನ್ನು ಬೆರಳ ಮೇಲೆಳೆದುಕೊಂಡು, ಬಾಗಿಲ ಹಿಡಿಗೆ ಕೈ ತಾಗದ ಹಾಗೆ ಜೋಪಾನವಾಗಿ ತಿರುಗಿಸಿತು.

"ಮುಟ್ಟಿಲ್ಲಮ್ಮಾ," ಎಂದಿತು. "ಹೆದರ್ಕೋಬೇಡ."