ದಾನದ ಹಲಗೆ

ಬುರ್ಗಿಯ ಹಿಮಜಾರು ಹಲಗೆಗಳು ಅಂಗಡಿಯ ಹಿಂದಿನ ಗೋಡೆಯಲ್ಲಿ ತೂಗುಬಿದ್ದು ನಾಲ್ಕು ಚಳಿಗಾಲ ಕಳೆದಿದ್ದವು. ಮಗು ಹೊಟ್ಟೆಯಲ್ಲಿದ್ದಾಗ ನೇತುಹಾಕಿದ್ದು. ಆಮೇಲೆ ಮಗು ಕಂಕುಳಿಗೆ ಬಂತು, ಕಂಕುಳಿಂದ ಇಳಿದು ಕಾಲಿಗೆ ಸುತ್ತಿಕೊಂಡಿತು, ಹಲಗೆ ಮಾತ್ರ ಗೋಡೆ ಬಿಟ್ಟು ಇಳಿಯಲಿಲ್ಲ. ಹಿಮ ಇದ್ದಾಗ ಅಂಗಡಿ ತುಂಬ ಜನ. ಜನ ಕರಗುವ ಹೊತ್ತಿಗೆ ಹಿಮವೂ ಕರಗಿರುತ್ತಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಹಾಗೆ.

ಟಿರೋಲ್ ಎಂಬ ಬೆಟ್ಟನಾಡಿನ ಆ ಮೂಲೆಯ ಕಣಿವೆಯಲ್ಲಿ ಜನರನ್ನು ಮೇಲಕ್ಕೆ ಎಳೆದೊಯ್ಯುವ ತಂತಿಯಿಲ್ಲ, ಕುರ್ಚಿಯಿಲ್ಲ. ಬೆಟ್ಟ ಬೇಕೆನ್ನುವವರು ಹಿಂದಕ್ಕೆ ಜಾರದಂತೆ ಹಲಗೆಯಡಿಗೆ ಚರ್ಮದ ಪಟ್ಟಿ ಅಂಟಿಸಿಕೊಂಡು, ಹಿಮದಲ್ಲಿ ತಮ್ಮ ಕಾಲ ಮೇಲೆ ತಾವೇ ಹತ್ತಬೇಕು. ತುದಿಯಲ್ಲಿ ಪಟ್ಟಿ ಕಿತ್ತು ಜೇಬಿಗಿಟ್ಟು ಜಾರಿಕೊಂಡು ಇಳಿಯಬೇಕು. ಅಂಥವರ ಹಲಗೆ, ಬೂಟು, ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗು ಇವುಗಳ ರಿಪೇರಿಯೇ ಬುರ್ಗಿಯ ಕಸುಬು. ಅಂಗಡಿ ಅವಳ ಅತ್ತೆ ಲೋನಿಯದು. ಈಗ ಲೋನಿ ಒಲೆಯ ಪಕ್ಕ ಕೂತು ಕಾಲುಚೀಲ ಹೆಣೆಯುತ್ತ, ಬಂದವರ ಕಾಲೆಳೆಯುತ್ತ ಇರುವವಳು.

ಗೋಡೆಯ ಹಲಗೆಗಳು ಸುಮ್ಮನೆ ತೂಗುಬಿದ್ದಿರಲಿಲ್ಲ. ದಾನ ಮಾಡುತ್ತಿದ್ದವು. ಮೊದಲು ಹೋದದ್ದು ಬ್ರೇಕು. ಹಲಗೆಯಿಂದ ಬೂಟು ಕಳಚಿದ ಕ್ಷಣ ಎರಡೂ ಪಕ್ಕದಲ್ಲಿ ಕೆಳಗೆ ಚಾಚಿ ಹಿಮಕ್ಕೆ ನಾಟುವ ಉಕ್ಕಿನ ಕಾಲುಗಳವು. ಅವಿಲ್ಲದಿದ್ದರೆ ಬಿದ್ದವರಿಗಿಂತ ಮೊದಲು ಅವರ ಹಲಗೆ ಊರು ಸೇರುತ್ತದೆ. ಬವೇರಿಯಾದ ಹೆಂಗಸೊಬ್ಬಳು ಬ್ರೇಕು ಮುರಿದುಕೊಂಡು ಅಳುವ ಹಾಗೆ ಬಂದು ನಿಂತಳು, ಬಿಡಿಭಾಗ ಬರಲು ವಾರ ಹಿಡಿಯುತ್ತಿತ್ತು. ಬುರ್ಗಿ ಗೋಡೆಯ ಕಡೆ ನೋಡಿದಳು, ಸ್ಕ್ರೂಡ್ರೈವರ್ ತೆಗೆದುಕೊಂಡಳು. ಮುಂದಿನ ವರ್ಷ ಇನ್ಯಾರಿಗೋ ಬೈಂಡಿಂಗಿನ ಮುಂಗಾಲಿನ ಸನ್ನೆಕೋಲು, ಅದರ ಮುಂದಿನ ವರ್ಷ ಹುಡುಗಿಯೊಬ್ಬಳಿಗೆ ಹಿಮ್ಮಡಿಯ ಭಾಗವೇ. "ನಮ್ಮನೆ ದಾನದ ಹಲಗೆ," ಎಂದು ಅವಳ ಗಂಡ ಕಾಸ್ಪರ್ ತಮಾಷೆ ಮಾಡುತ್ತಿದ್ದ. ಬುರ್ಗಿಯೂ ನಗುತ್ತಿದ್ದಳು.

ಈ ವರ್ಷ ನಗು ಬರಲಿಲ್ಲ. ಜನವರಿಯ ಒಂದು ಮಧ್ಯಾಹ್ನ, ಮೇಲಿನಿಂದ ಇಳಿದು ಬಂದ ಯಾರೋ ಒಬ್ಬರು ಕೌಂಟರಿನ ಮೇಲೆ ತಮ್ಮ ಜಾಕೀಟು ಇಟ್ಟರು. ಮರ ಬೆಳೆಯುವ ಎತ್ತರ ದಾಟಿದ ಮೇಲಿನ ಹಿಮಕ್ಕೆ ಒಂದು ವಾಸನೆಯಿದೆ. ಊರಿನ ಹಿಮಕ್ಕೆ ಅದಿಲ್ಲ. ಆ ವಾಸನೆ ಜಾಕೀಟಿನಿಂದ ಎದ್ದು ಬಂದು ಬುರ್ಗಿಯ ಎದೆಯಲ್ಲಿ ಕೂತಿತು, ಏಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಶಿಖರವೂ ಅಲ್ಲ, ಜಾರುವ ಸುಖವೂ ಅಲ್ಲ. ಕೋಫೆಲ್ ಬೆಟ್ಟದ ಹೆಗಲಿನಲ್ಲಿ, ಬೆಳಗಿನ ನೀಲಿ ಬೆಳಕಿನಲ್ಲಿ, ಯಾರೂ ತನ್ನ ಹೆಸರು ಹಿಡಿದು ಕರೆಯದ ಒಂದಿಷ್ಟು ಹೊತ್ತು ಬೇಕಾಗಿತ್ತು. ಉಸಿರು ತನ್ನದು, ಹೆಜ್ಜೆ ತನ್ನದು, ಬೆವರೂ ತನ್ನದು. ಮಗು ಸೆನ್ಸಿಗೆ ಗಂಜಿ ತಿನ್ನಿಸುವಾಗಲೂ ಅದು ನೆನಪಾಗಿ ಚಮಚ ಗಾಳಿಯಲ್ಲೇ ನಿಲ್ಲುತ್ತಿತ್ತು.

ಅಂದಿನಿಂದ ಹಲಗೆಗಳನ್ನು ಚೂರುಚೂರಾಗಿ ಮತ್ತೆ ಕಟ್ಟತೊಡಗಿದಳು. ಯಾರೋ ಎಸೆದ ಬೈಂಡಿಂಗಿನಿಂದ ಸನ್ನೆಕೋಲು, ಮತ್ತೊಂದರಿಂದ ಹಿಮ್ಮಡಿ. ಮಾರ್ಚ್ ಬರುವ ಹೊತ್ತಿಗೆ ಬ್ರೇಕೊಂದೇ ಬಾಕಿ ಉಳಿಯಿತು. ಆ ಹಳೆಯ ಮಾದರಿ ಈಗ ತಯಾರಾಗುವುದಿಲ್ಲ. ಲೀಂಟ್ಸ್ ಪೇಟೆಯ ಸಗಟು ವ್ಯಾಪಾರಿಯ ಹತ್ತಿರ ಎರಡು ಜೊತೆ ಉಳಿದಿದ್ದವು, ಒಂದು ಅಗಲ, ಒಂದು ಕಿರಿದು. ಅಗಲದ್ದು ಹಾಕಿದರೆ ಹಲಗೆ ಓರೆಯಾದಾಗಲೆಲ್ಲ ಅದರ ಕಾಲು ಹೊರಚಾಚಿ ಹಿಮಕ್ಕೆ ತಗಲುತ್ತದೆ. ಬುರ್ಗಿ ಫೋನಿನಲ್ಲೇ ಕಿರಿದಾದದ್ದನ್ನು ಹೇಳಿದಳು.

ಕಾಸ್ಪರ್ ಮರದ ಲಾರಿ ಓಡಿಸುವವನು. "ಈ ಭಾನುವಾರ ಹೋಗಿ ಬಾ. ಸೆನ್ಸಿನ ನಾನು ನೋಡ್ಕೋತೀನಿ," ಎಂದು ಹಲಗೆಯ ರಿಪೇರಿ ಕಂಡು ತಾನಾಗಿಯೇ ಹೇಳಿದ್ದ. ಮುಂದಿನ ವಾರದಿಂದ ಅವನಿಗೆ ಭಾನುವಾರವೂ ಕೆಲಸ. ಅದು ಮುಗಿಯುವಷ್ಟರಲ್ಲಿ ಕೋಫೆಲಿನ ಹೆಗಲಲ್ಲಿ ಹುಲ್ಲು ಕಾಣುತ್ತಿರುತ್ತದೆ. ಇರುವುದು ಇದೊಂದೇ ಭಾನುವಾರ.

ಪೊಟ್ಟಣ ಬಂದದ್ದು ಶುಕ್ರವಾರ ಬೆಳಿಗ್ಗೆ. ಬುರ್ಗಿ ಹಲಗೆಗಳನ್ನು ಇಳಿಸಿ, ಧೂಳು ಒರೆಸಿ, ಹಿಮ್ಮಡಿಯ ಭಾಗ ಬಿಚ್ಚಿ, ಅದರಡಿಗೆ ಬ್ರೇಕಿನ ತಗಡು ಕೂರಿಸಿದಳು. ಹೆಬ್ಬೆರಳಿನಿಂದ ಒತ್ತಿದಳು, ಕಾಲುಗಳು ಮೇಲೆದ್ದವು. ಬಿಟ್ಟಳು. ಕೆಳಗಿಳಿಯಬೇಕಾದ ಕಾಲುಗಳು ಹಲಗೆಯ ಅಂಚಿಗೆ ಕಚ್ಚಿಕೊಂಡು ಅಲ್ಲೇ ನಿಂತವು.

ಲೋನಿ ಹೆಣಿಗೆಯಿಂದ ತಲೆಯೆತ್ತಿದಳು. "ಯಾಕೇ, ಮುಖ ಹುಳಿ ಮಜ್ಜಿಗೆ ಆಯ್ತು?"

"ಕಾಲು ಇಳೀತಿಲ್ಲ ಅತ್ತೆ. ಅಗಲ ಸಾಲ್ದು."

"ಅಳತೆ ಯಾರು ಕೊಟ್ಟಿದ್ದು?"

ಬುರ್ಗಿ ಅಳತೆಪಟ್ಟಿ ತೆಗೆದು ಹಿಮ್ಮಡಿಯ ಜಾಗಕ್ಕೆ ಹಿಡಿದಳು. ಹಲಗೆಯ ಮೇಲೆ ಅಚ್ಚಾದ ಅಂಕೆ ಅದರ ಸೊಂಟದ್ದು, ಎಂದರೆ ಅತಿ ಸಪೂರವಾದ ನಡುಭಾಗದ್ದು. ಬ್ರೇಕು ಕೂರುವುದು ಸೊಂಟದಿಂದ ಹಿಂದೆ, ಹಿಮ್ಮಡಿಯಡಿ, ಅಲ್ಲಿ ಹಲಗೆ ಅಗಲವಾಗಿರುತ್ತದೆ. ಅಂಕೆ ನಂಬಬೇಡಿ, ಅಲ್ಲಿ ಅಳತೆಪಟ್ಟಿ ಹಿಡಿದು ನೋಡಿ ಎಂದು ಬಂದವರಿಗೆಲ್ಲ ಹೇಳುವವಳು ಅವಳೇ. ತನ್ನ ಹಲಗೆಯ ಅಂಕೆ ಮಾತ್ರ ಅವಳಿಗೆ ಬಾಯಿಪಾಠ. ಇಳಿಸಿ ಅಳೆಯಬೇಕೆಂದು ತೋಚಿರಲೇ ಇಲ್ಲ. ತನ್ನ ಮಗುವಿನ ಗುರುತು ಹಿಡಿಯಲು ಯಾರಾದರೂ ಫೋಟೋ ನೋಡುತ್ತಾರೆಯೇ?

"ಓಹೋ! ಊರಿಗೆಲ್ಲ ಉಪದೇಶ ಮಾಡೋ ತಾಯಿ!" ಲೋನಿ ನಕ್ಕಳು. "ಎಷ್ಟು ಬೇಕು?"

"ಆ ಕಡೆ ಒಂದು ಕೂದಲು, ಈ ಕಡೆ ಒಂದು ಕೂದಲು."

"ಬಗ್ಗಿಸು ಮತ್ತೆ."

"ಸ್ಪ್ರಿಂಗಿನ ಉಕ್ಕು ಅತ್ತೆ. ಬಗ್ಗೋದಕ್ಕಿಂತ ಮುರಿಯೋದೇ ಹೆಚ್ಚು."

"ನಿಮ್ಮ ಮಾವನ ವಿಷಯದಲ್ಲೂ ನಾನು ಹಾಗೇ ಅಂದ್ಕೊಂಡಿದ್ದೆ. ಬಗ್ಗಿದ್ರು. ಆದ್ರೆ ನಿಧಾನಕ್ಕೆ."

ಬುರ್ಗಿ ಬ್ರೇಕನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಅದರ ಕಾಲಿಗೆ ಹೊಂದುವ ಕೊಳವೆ ಹುಡುಕುತ್ತಿದ್ದಾಗ ಬಾಗಿಲ ಗಂಟೆ ಕುಣಿಯಿತು. ಬಂದವನು ಎಗ್ಬರ್ಟ್. ಗ್ರಾಟ್ಸ್ ನಗರದ ಅಂಚೆ ಇಲಾಖೆಯಿಂದ ನಿವೃತ್ತನಾದವನು, ಪ್ರತಿ ಮಾರ್ಚಿಗೂ ಈ ಕಣಿವೆಗೆ ಬರುವವನು. ಕೈಯಲ್ಲಿದ್ದ ಹಲಗೆಯ ಬ್ರೇಕು ಮುರಿದು, ರೆಕ್ಕೆ ಮುರಿದ ಕೋಳಿಯ ಹಾಗೆ ಜೋತಾಡುತ್ತಿತ್ತು.

"ಬುರ್ಗಿ, ನೋಡಮ್ಮ, ಸ್ಪ್ರಿಂಗ್ ಪಟ್ ಅಂತು." ಅಷ್ಟರಲ್ಲಿ ಅವನ ಕಣ್ಣು ಮೇಜಿನ ಮೇಲೆ ಬಿತ್ತು. "ಆಹಾ! ನಾನು ಬರೋದು ಗೊತ್ತಿತ್ತಾ? ನನಗೇ ತರಿಸಿಟ್ಟಿದ್ದೀಯ!"

ಅದೇ ಮಾದರಿ. ಅವನ ಹಲಗೆ ಸಪೂರ. ಬಗ್ಗಿಸದೆ, ಉಜ್ಜದೆ, ಈ ಜೊತೆ ಅವನಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಬುರ್ಗಿಯ ಬೆರಳುಗಳು ತಾವಾಗಿಯೇ ಬ್ರೇಕನ್ನು ಅವನ ಕಡೆ ಅರ್ಧ ಸರಿಸಿಬಿಟ್ಟವು. ನಾಲ್ಕು ವರ್ಷದ ಅಭ್ಯಾಸ. ಅರ್ಧಕ್ಕೆ ನಿಂತವು.

"ಅದು ನನ್ನದು," ಎಂದಳು.

"ಅಂಗಡೀನೇ ನಿಮ್ಮದು, ಅದು ನಿನ್ನದಲ್ದೆ ಇನ್ಯಾರದು?"

"ಹಾಗಲ್ಲ. ನನ್ನ ಹಲಗೆಗೆ. ಭಾನುವಾರ ಕೋಫೆಲಿಗೆ ಹೋಗ್ಬೇಕು ನಾನು."

"ನೀನಾ?" ಎಗ್ಬರ್ಟ್ ಗೋಡೆಯನ್ನು ನೋಡಿ, ಕೆಳಗಿಳಿದ ಹಲಗೆಗಳನ್ನು ನೋಡಿದ. "ಅಲ್ಲ, ನೀನು ಇಲ್ಲೇ ಇರೋಳು. ಬೆಟ್ಟ ಎಲ್ಲಿಗಮ್ಮ ಓಡಿಹೋಗತ್ತೆ?"

ಈ ಮಾತನ್ನು ಎಷ್ಟು ಜನ ಎಷ್ಟು ಬಾರಿ ಹೇಳಿದ್ದರೋ. ಬೆಟ್ಟ ಓಡಿಹೋಗುವುದಿಲ್ಲ, ನಿಜ. ಅಡುಗೆಮನೆಯ ಕಿಟಕಿಯಲ್ಲಿ ದಿನಾ ನಿಂತಿರುತ್ತದೆ, ಅದೇ ಕಷ್ಟ. ಹೊಳೆಯ ದಂಡೆಯಲ್ಲಿ ಮನೆ ಮಾಡಿದವರಿಗೆ ಬಾಯಾರಿಕೆಯೂ ಆದೀತೆಂದು ಯಾರಿಗೂ ಹೊಳೆಯುವುದಿಲ್ಲ.

"ಹಗ್ಗ ಕಟ್ಟಿಕೊಡ್ತೀನಿ ನಿಮಗೆ," ಎಂದಳು ಬುರ್ಗಿ.

ಹಗ್ಗ ಎಂದರೆ ಹಳೆಯ ಕ್ರಮ. ಹಲಗೆಯನ್ನು ಬೂಟಿಗೆ ಕಟ್ಟಿಬಿಡುವುದು. ಹಲಗೆ ಕಳೆಯುವುದಿಲ್ಲ; ಆದರೆ ಇಳಿಜಾರಿನ ಹಿಮವೇ ಕುಸಿದು ಬಂದರೆ ಕಟ್ಟಿದ ಹಲಗೆ ಮನುಷ್ಯನನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ.

ಎಗ್ಬರ್ಟ್ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡ. "ಈಸ್ಟರ್ ಆದ್ಮೇಲೆ ಈ ಮಂಡಿಗೆ ಆಪರೇಷನ್. ಆಮೇಲೆ ಹತ್ತೋಕೆ ಬಿಡ್ತಾರೋ ಇಲ್ವೋ," ಎಂದ. ಅವಳನ್ನು ಕರಗಿಸಲು ಆಡಿದ ಮಾತಲ್ಲ ಅದು. ಮಂಡಿಗೇ ಹೇಳಿಕೊಂಡ ಹಾಗಿತ್ತು.

ಲೋನಿಯ ಸೂಜಿಗಳು ನಿಂತವು. ಒಲೆಯಲ್ಲಿ ಸೌದೆ ಜರುಗಿತು. ಬುರ್ಗಿ ಇಲ್ಲಿಯವರೆಗೆ ಬಂದವರೆಲ್ಲರ ಅವಸರವೂ ತನ್ನದಕ್ಕಿಂತ ದೊಡ್ಡದೆಂದೇ ಒಪ್ಪಿಕೊಂಡು ಬಂದಿದ್ದಳು. ಇವನದಂತೂ ನಿಜವಾಗಿಯೂ ದೊಡ್ಡದು. ಕೊಟ್ಟುಬಿಟ್ಟರೆ ಕತೆ ಮುಗಿಯಿತು. ಸಂಜೆ ಬಾರ್ಲಿ ಸಾರು ಕುದಿಸುತ್ತ ಮತ್ತದೇ ಕಿಟಕಿ.

ದಾರಿ ಮಾಡಿಕೊಟ್ಟವನು ಎಗ್ಬರ್ಟನೇ. "ಥೂ, ನಾನೊಬ್ಬ ದಡ್ಡ! ಪುಟ್ಟ ಮಗು ಇರೋ ತಾಯಿ ನೀನು, ಹಗ್ಗ ಕಟ್ಕೊಂಡು ಹೋಗೋಕಾಗತ್ತಾ? ಮಗುವಿಗೋಸ್ಕರ ಬ್ರೇಕು ನಿನಗೇ ಇರ್ಲಿ. ಮಗುವಿಗೋಸ್ಕರ ಅಂದ್ರೆ ನಾನು ಎರಡು ಮಾತಾಡಲ್ಲ."

ಹೂಂ ಎಂದರೆ ಸಾಕಿತ್ತು. ಬ್ರೇಕೂ ಉಳಿಯುತ್ತಿತ್ತು, ಒಳ್ಳೆಯ ತಾಯಿಯೆಂಬ ಹೆಸರೂ ಉಳಿಯುತ್ತಿತ್ತು. ಬುರ್ಗಿ ಕೈಯಲ್ಲಿದ್ದ ಕೊಳವೆಯನ್ನು ಒಮ್ಮೆ ಹೊರಳಿಸಿದಳು.

"ಮಗುವಿಗೋಸ್ಕರ ಅಲ್ಲ, ಎಗ್ಬರ್ಟ್," ಎಂದಳು. ದನಿ ಅವಳಿಗೇ ಅಪರಿಚಿತವಾಗಿ ಕೇಳಿತು. "ಮಗುವಿಗೋಸ್ಕರ ಆಗಿದ್ರೆ ನಾನು ಮನೇಲೇ ಇರ್ತಿದ್ದೆ. ನನಗೆ ಬೇಕು. ನನಗೇ ಹೋಗ್ಬೇಕು. ನಿಮಗೂ ಹೋಗ್ಬೇಕು ಅಂತ ಗೊತ್ತು. ಆದ್ರೂ ಕೊಡಲ್ಲ."

ಎಗ್ಬರ್ಟ್ ಅವಳ ಮುಖವನ್ನೇ ನೋಡಿದ. ಸಿಟ್ಟು ಬಂದಿರಬಹುದು ಎಂದುಕೊಂಡಳು. ಅವನು ಎದ್ದು, ಜಾಕೀಟು ಕಳಚಿ, ಕೌಂಟರ್ ಸುತ್ತಿಕೊಂಡು ಒಳಗೆ ಬಂದ.

"ಹಾಗಾದ್ರೆ ಬಗ್ಗಿಸೋಣ. ಒಬ್ಬಳೇ ಮಾಡಿದ್ರೆ ಮುರೀತೀಯ. ನಾನು ಹಿಡ್ಕೋತೀನಿ."

"ನೀವು ಹಗ್ಗ..."

"ನಾನು ಹಗ್ಗದ ಕಾಲದವನೇ ಕಣಮ್ಮ. ಬೇಗ ಹತ್ತಿ, ಬಿಸಿಲಿಗೆ ಹಿಮ ಮೆತ್ತಗಾಗೋ ಮುಂಚೆ ಇಳ್ಕೊಂಡು ಬರ್ತೀನಿ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನಲ್ಲ. ಹಿಡಿ, ಹಿಡಿ."

ಬಟ್ಟೆ ಸುತ್ತಿ ಬ್ರೇಕನ್ನು ಮೇಜಿನ ಅಂಚಿನ ಕಬ್ಬಿಣದ ಇಕ್ಕುಳ ವೈಸಿಗೆ ಕಚ್ಚಿಸಿದರು. ಬುರ್ಗಿ ಕೊಳವೆಯನ್ನು ಉಕ್ಕಿನ ಕಾಲಿಗೆ ತೊಡಿಸಿ ಭಾರ ಹಾಕಿದಳು. ಬಗ್ಗಿತು; ಬಿಟ್ಟರೆ ವಾಪಸು ಬಂತು. ಇನ್ನಷ್ಟು. ಮತ್ತೆ ವಾಪಸು, ಆದರೆ ಪೂರ್ತಿಯಲ್ಲ. ಒಂದೊಂದು ಸಲವೂ ತೆಗೆದು ಹಲಗೆಗೆ ಹಿಡಿದು ನೋಡಿ ಮತ್ತೆ ವೈಸಿಗೆ. ಮೂರನೆಯ ಕಾಲಿನಲ್ಲಿ ಟಿಣ್ ಎಂದು ಸದ್ದಾಯಿತು. ಇಬ್ಬರೂ ಉಸಿರು ಹಿಡಿದರು.

"ಮುರೀತಾ?" ಒಲೆಯ ಬಳಿಯಿಂದ ಲೋನಿ.

ಬುರ್ಗಿ ಉಗುರಿನಿಂದ ಕೆರೆದು ನೋಡಿದಳು. ಬಿರುಕಿಲ್ಲ; ವೈಸಿನ ಹಿಡಿತದಲ್ಲಿ ಕಾಲು ಜರುಗಿದ್ದಷ್ಟೇ. "ಇಲ್ಲ ಅತ್ತೆ."

"ಮತ್ಯಾಕೆ ಇಬ್ರೂ ಹೆಣ ನೋಡ್ದಂಗೆ ನಿಂತಿದ್ದೀರಿ?"

ನಾಲ್ಕೂ ಕಾಲು ಮುಗಿದ ಮೇಲೆ ಬುರ್ಗಿ ಎಗ್ಬರ್ಟನ ಹಲಗೆಗೆ ಹಗ್ಗ ಕಟ್ಟಿದಳು. ಬಿದ್ದರೆ ಹಲಗೆಯನ್ನು ಹಿಡಿಯುವಷ್ಟು ಗಟ್ಟಿ, ಹಿಮರಾಶಿ ಎಳೆದರೆ ತಾನೇ ಹರಿದುಹೋಗುವಷ್ಟು ದುರ್ಬಲ, ಅಂಥ ದಾರದ ಕುಣಿಕೆಯನ್ನು ನಡುವೆ ಸೇರಿಸಿದಳು. ತನ್ನ ಹಲಗೆಗಿಂತ ಹೆಚ್ಚು ಹೊತ್ತು ಅದಕ್ಕೆ ಹಿಡಿಯಿತು. ಅವನು ಎರಡು ಸಲ ಜಗ್ಗಿ ನೋಡಿ, ತಲೆದೂಗಿ, ಲೋನಿಗೆ ಟೋಪಿ ಎತ್ತಿ ಹೊರಟುಹೋದ.

ಬುರ್ಗಿ ಸ್ಕ್ರೂಗಳಿಗೆ ಹನಿ ಗೋಂದು ಹಾಕಿ ಬಿಗಿದಳು. ಒತ್ತಿ ಬಿಟ್ಟಳು. ಕಾಲುಗಳು ಛಟ್ಟೆಂದು ಕೆಳಗಿಳಿದವು.

"ಅಲ್ವೇ," ಎಂದಳು ಲೋನಿ, "ಹೋಗ್ಬೇಕು ಅಂತ ಇಷ್ಟು ವರ್ಷದಲ್ಲಿ ಒಂದು ದಿನಾನಾದ್ರೂ ಬಾಯಿಬಿಟ್ಟು ಹೇಳಿದ್ದೀಯಾ?"

"ಇಲ್ಲ."

"ಹೇಳ್ಬೇಕು ಕಣೇ. ಆ ಹಲಗೆ ಬಿಚ್ಚಿಬಿಚ್ಚಿ ಕೊಡ್ತಿದ್ರೆ ನಿನಗೆ ಬೇಡ ಅಂತ್ಲೇ ನಾನು ಅಂದ್ಕೊಂಡಿದ್ದೆ. ಮನಸ್ಸು ಓದೋಕೆ ನಾವೇನು ದೇವರಾ?" ಸೂಜಿಗಳು ಮತ್ತೆ ಓಡಿದವು. "ಹಾಕ್ಕೊಂಡು ನಿಂತ್ಕೋ, ನೋಡೋಣ."

ಬುರ್ಗಿ ಬೂಟು ತೊಟ್ಟಳು. ಅವು ಬಿಗಿಯಾಗಿದ್ದವು, ಮಗುವಾದ ಮೇಲೆ ಪಾದವೂ ಅಗಲವಾಗಿತ್ತೇನೋ. ಮುಂಗಾಲು ಒತ್ತಿದಳು, ಕಚ್ಚಿಕೊಂಡಿತು. ಹತ್ತುವಾಗಿನ ಹಾಗೆ ಹಿಮ್ಮಡಿಯನ್ನು ಕಚ್ಚಿಸದೆ ಸಡಿಲ ಬಿಟ್ಟು, ಬ್ರೇಕಿನ ಕಾಲುಗಳನ್ನು ಮೇಲಕ್ಕೆ ಮಡಿಸಿ ನಿಲ್ಲಿಸಿದಳು. ಅಂಗಡಿಯ ನಡುವೆ, ಮರದ ನೆಲದ ಮೇಲೆ, ಹಲಗೆಗಳ ಮೇಲೆ ನಿಂತಳು. ಹಿಮ್ಮಡಿ ಎತ್ತಿದಳು. ಇಳಿಸಿದಳು. ಒಂದು ಹೆಜ್ಜೆ ಜಾರಿಸಿದಳು. ನೆಲ ಸರ್ ಎಂದಿತು. ಇನ್ನೊಂದು ಹೆಜ್ಜೆಗೆ ಕೌಂಟರ್ ಅಡ್ಡ ಬಂತು.

ಬಾಗಿಲ ಗಂಟೆ ಕುಣಿಯಿತು, ಯಾರೋ ಅವಳ ಹೆಸರು ಕರೆದರು. ಅಲ್ಲಿಗೆ ಹೋಗಬೇಕೆಂದರೆ ಹಲಗೆ ಕಳಚಬೇಕು.

"ಸ್ವಲ್ಪ ಕೂತ್ಕೊಳ್ಳಿ," ಎಂದು ಲೋನಿ ಎದ್ದಳು, "ನಾನು ಬಂದೆ."

ಬುರ್ಗಿ ಕಿಟಕಿಯ ಕಡೆ ತಿರುಗಿ ನಿಂತೇ ಇದ್ದಳು. ಊರಿನ ಹಿಮ ಅಲ್ಲಲ್ಲಿ ಕರಗಿ ಕಂದು ಹುಲ್ಲು ಕಾಣುತ್ತಿತ್ತು. ಅದರ ಮೇಲೆ ಕಾಡು, ಕಾಡಿನ ಮೇಲೆ ಮೋಡದೊಳಗೆ ಕೋಫೆಲಿನ ಹೆಗಲು. ಭಾನುವಾರಕ್ಕೆ ಎರಡು ರಾತ್ರಿ ಬಾಕಿ. ಎರಡೂ ರಾತ್ರಿ ಆಕಾಶ ತಿಳಿಯಾಗಲಿ, ಹಿಮ ಗಟ್ಟಿ ಕಟ್ಟಲಿ, ಮಗುವಿಗೆ ಜ್ವರ ಬಾರದಿರಲಿ ಎಂದು ಅವಳ ತುಟಿ ಅಲ್ಲಾಡುತ್ತಿತ್ತು. ನೆಲದ ಮೇಲೆ ಹಿಮ್ಮಡಿ ಏಳುತ್ತಿತ್ತು, ಇಳಿಯುತ್ತಿತ್ತು.