ಸ್ಕ್ಯಾನಿಂಗಿನಲ್ಲಿ ಕಾಣದ ನೋವು

ತಾಳ್ಯದಲ್ಲಿ ಕುರಿ ಸಾಕುವ ತಿಪ್ಪೇರುದ್ರಪ್ಪನ ಹೆಂಡತಿ ಬರಗೇರಮ್ಮನಿಗೆ ಒಂದು ವರ್ಷದಿಂದ ಹೊಟ್ಟೆಯಲ್ಲಿ ಉರಿ, ಎದೆ ಬಿಗಿತ. ಹೊಳಲ್ಕೆರೆಯಲ್ಲಿ ರಕ್ತ ಪರೀಕ್ಷೆ, ಚಿತ್ರದುರ್ಗದಲ್ಲಿ ಇಸಿಜಿ, ಸ್ಕ್ಯಾನಿಂಗ್ ಎಲ್ಲ ಆಯಿತು. ಎಲ್ಲವೂ ನಾರ್ಮಲ್.

"ರಿಪೋರ್ಟಲ್ಲಿ ಏನೂ ಇಲ್ಲ ಅಂದ್ಮೇಲೆ ನೋವೆಲ್ಲಿಂದ ಬರ್ತೈತೆ? ನಾಟಕ ಆಡಬ್ಯಾಡ!" ಎಂದು ಅವನು ರೇಗಿದ. ಅವಳು ಮತ್ತೆ ನೋವಿನ ಮಾತೇ ಎತ್ತಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆಯಲ್ಲಿ ಮತ್ತೆ ನೋಡಿದರು. ಹೃದಯಕ್ಕೆ ಏನೂ ಆಗಿರಲಿಲ್ಲ.

ಆಶಾ ಕಾರ್ಯಕರ್ತೆ ಮಂಗಳಾ ಹೇಳಿದಳು: "ಅಣ್ಣ, ಮನಸ್ಸಿನ ಡಾಕ್ಟ್ರ ಹತ್ರ ಹೋಗಾಣ."

"ನನ್ನ ಹೆಂಡ್ತಿಗೇನು ಹುಚ್ಚು ಹಿಡಿದೈತಾ?"

"ಹುಚ್ಚಲ್ಲಣ್ಣ. ನುಂಗಿಕೊಂಡ ದುಃಖ ಮೈಯಾಗೆ ನೋವಾಗಿ ಕೂರ್ತೈತೆ. ಆ ನೋವು ಸುಳ್ಳಲ್ಲ."

ಕೊನೆಗೆ ಅವನು ಒಪ್ಪಿ ಹೆಂಡತಿಯನ್ನು ಚಿತ್ರದುರ್ಗದ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ದ. ಅಲ್ಲಿ ಆಪ್ತಸಮಾಲೋಚಕಿ ಚೈತ್ರಾ ಒಂದು ಹಾಳೆ ತೆಗೆದು, "ಹೋದ ಎರಡು ವಾರದಾಗೆ ಎಷ್ಟು ದಿನ ಗಾಬರಿ ಆತು?" ಎಂದು ಶುರುಮಾಡಿ ಏಳು ಪ್ರಶ್ನೆ ಕೇಳಿದರು. ಇಪ್ಪತ್ತೊಂದಕ್ಕೆ ಬರಗೇರಮ್ಮನದು ಹದಿನೇಳು ಅಂಕ ಬಂತು; ಅಂಕ ಹೆಚ್ಚಿದಷ್ಟೂ ಗಾಬರಿ ಹೆಚ್ಚು.

"ಪ್ರಶ್ನೆ ಕೇಳಿದ್ರೆ ಕಾಯಿಲೆ ಹೋಗ್ತೈತಾ?" ಎಂದ ತಿಪ್ಪೇರುದ್ರಪ್ಪ.

"ಬಿಪಿ ನೋಡಿದಂಗೆ ಇದು. ಅಳೆದ್ರೇನೇ ಚಿಕಿತ್ಸೆ ಹಿಡೀತೋ ಇಲ್ವೋ ಗೊತ್ತಾಗೋದು. ಮನಸ್ಸು ನೊಂದ್ರೆ ಸ್ವಭಾವನೂ ಬದಲಾಗ್ತೈತೆ. ಮೊದ್ಲು ಇವ್ರು ಹೆಂಗಿದ್ರು, ನೀವೇ ಹೇಳ್ರಿ."

"ದಾರಿಯಾಗೆ ಹೋಗೋರ್ನೂ ಕರೆದು ಮಾತಾಡ್ಸೋಳು. ಈಗ ಕರೆದ್ರೂ ಓ ಅನ್ನಲ್ಲ."

"ಯಾವಾಗಿಂದ?"

"ಅಂಜಲಿ... ನಮ್ಮ ಮಗಳು ಕೃಷಿ ಹೊಂಡಕ್ಕೆ ಬಿದ್ದು ತೀರಿಹೋದಾಗಿಂದ. ಮನೆಯಾಗೆ ಆ ಹೆಸರು ಎತ್ತಬ್ಯಾಡ ಅಂತ ನಾನೇ ಅಂದಿದ್ದೆ."

ವರ್ಷದ ಮೇಲೆ ಗಂಡನ ಬಾಯಲ್ಲಿ ಮಗಳ ಹೆಸರು ಕೇಳಿದ ಬರಗೇರಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅವನೂ ಅತ್ತ. ಚೈತ್ರಾ ಅವೇ ಏಳು ಪ್ರಶ್ನೆ ಅವನಿಗೂ ಕೇಳಿದರು. ಹದಿನಾಲ್ಕು ಬಂತು. ನಿದ್ದೆ ಬಾರದ್ದು, ಸಿಡುಕು, ಎಲ್ಲ ವಯಸ್ಸಿನದು ಎಂದುಕೊಂಡಿದ್ದನವನು.

ಹದಿನೈದು ದಿನಕ್ಕೊಮ್ಮೆ ಇಬ್ಬರೂ ಚೈತ್ರಾ ಹತ್ತಿರ ಸಮಾಲೋಚನೆಗೆ ಹೋದರು. ನಾಲ್ಕು ತಿಂಗಳಲ್ಲಿ ಅವಳ ಹದಿನೇಳು ಎಂಟಕ್ಕಿಳಿಯಿತು. ಎದೆ ಬಿಗಿತ ಅಪರೂಪವಾಯಿತು, ನೆರೆಯವರೊಡನೆ ಮಾತು ಶುರುವಾಯಿತು. ಮಗಳು ಮಾತ್ರ ಬರಲಿಲ್ಲ. ಈಗಲೂ ಕೆಲವು ದಿನ ಅವಳಿಗೆ ಊಟ ಸೇರುವುದಿಲ್ಲ.

"ಅಂಜಲಿಗೆ ಈಗ ಹತ್ತು ತುಂಬ್ತಿತ್ತು" ಎನ್ನುತ್ತಾಳೆ.

"ಹೂಂ ಕಣೇ, ತುಂಬ್ತಿತ್ತು" ಎಂದು ಅವನು ಪಕ್ಕದಲ್ಲಿ ಕೂರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನೋವು ಎಂದವರಿಗೆ ಮೊದಲು ದೇಹದ ಪರೀಕ್ಷೆ ಮಾಡಿಸಿ. ರಿಪೋರ್ಟ್ ಸರಿಯಿದ್ದೂ ನೋವು ಬಿಡದಿದ್ದರೆ ನಾಟಕ ಎನ್ನಬೇಡಿ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ. ನೋವಿರುವವರೊಬ್ಬರನ್ನೇ ಆಸ್ಪತ್ರೆಗೆ ಕಳಿಸಬೇಡಿ, ನೀವೂ ಜೊತೆಗೆ ಹೋಗಿ.